ನಾವು ತಿನ್ನದ ಆಮೆಯನ್ನು ಕೊಂದವರು ಯಾರು?

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ಕಾಪುವಿನಿಂದ ಉಡುಪಿಗೆ ಹೊರಟಿದ್ದೆವು. ಹೆದ್ದಾರಿಯ ಅಂಚಿನಲ್ಲಿ ನಾಲ್ಕೈದು ಮಂದಿ ಗುಂಪು ಕಟ್ಟಿ ನಿಂತದ್ದು ಕಂಡಿತು. ಅಪಘಾತವೇನೋ ಎಂದು ಗಾಡಿ ನಿಲ್ಲಿಸಿದೆವು. ನೋಡಿದರೆ ಒಂದು ಆಮೆ. ಎರಡು ಅಂಗೈ ಜೋಡಿಸಿದಷ್ಟು ಅಗಲ, ಕೆಸರಿನ ಬಣ್ಣದ ಬೆನ್ನು. ಚಿಪ್ಪು ಕಲ್ಲಿನಂತೆ ಗಟ್ಟಿಯಾಗಿರದೆ ಒದ್ದೆ ಚರ್ಮ ಹೊದೆಸಿದಂತೆ ನುಣುಪಾಗಿತ್ತು. ಗದ್ದೆ, ಕೆರೆ, ತೋಡುಗಳಲ್ಲಿ ನಾವೆಲ್ಲ ಚಿಕ್ಕಂದಿನಲ್ಲಿ ಕಂಡದ್ದೇ.

ಒಬ್ಬ ಹುಡುಗ ಅದನ್ನು ಮನೆಗೆ ಕೊಂಡೊಯ್ದು ತೊಟ್ಟಿಯಲ್ಲಿ ಸಾಕುವೆನೆಂದ. ಇನ್ನೊಬ್ಬ, ಬಾವಿಗೆ ಬಿಟ್ಟರೆ ನೀರು ಚೊಕ್ಕವಾಗಿರುತ್ತದೆ, ಮನೆಗೂ ಒಳ್ಳೆಯದು ಎಂದ. ಮೂರನೆಯವನು ಇದರ ಮಾಂಸಕ್ಕೆ ಎಂಥ ಬೆಲೆ ಗೊತ್ತುಂಟಾ ಎಂದು ನಕ್ಕ. ಮತ್ತೊಬ್ಬರು, ಮುಟ್ಟಬೇಡಿ, ಅರಣ್ಯ ಇಲಾಖೆಯವರು ಕೇಸು ಹಾಕುತ್ತಾರೆ ಎಂದು ಎಚ್ಚರಿಸಿದರು. ಅಷ್ಟರಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತಿದ್ದ ವೃದ್ಧೆಯೊಬ್ಬರು ನಿಂತು, "ಅದು ಎಲ್ಲಿಗೋ ಹೊರಟಿದೆ ಮಗಾ. ಅದರ ದಾರಿ ಅದಕ್ಕೆ ಗೊತ್ತುಂಟು. ಆಚೆ ಬದಿಗೆ ಬಿಡಿ, ಸಾಕು" ಎಂದರು. ಹುಡುಗ ಮರುಮಾತಾಡದೆ ಆಮೆಯನ್ನು ಎತ್ತಿಕೊಂಡು ರಸ್ತೆ ದಾಟಿದ.

ಆಚೆ ಬದಿಯಲ್ಲಿ ಗದ್ದೆ ಇರಲಿಲ್ಲ. ಅಲ್ಲಿ ಬೈಲು ಗದ್ದೆ ಇದ್ದುದನ್ನು ನಾವೇ ನೋಡಿದ್ದೆವು. ಈಗ ಅದಕ್ಕೆ ಕೆಂಪು ಮಣ್ಣು ತುಂಬಿಸಿ, ಗಡಿಕಲ್ಲು ನೆಟ್ಟು, ನಿವೇಶನಗಳನ್ನು ಮಾಡಲಾಗಿದೆ. ಹುಡುಗ ಆಮೆಯನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಕೊನೆಗೆ ಹೆದ್ದಾರಿಯ ಚರಂಡಿ ಸೇರುವ ಒಂದು ಸಣ್ಣ ತೋಡಿನ ಬಳಿ ಬಿಟ್ಟು ಬಂದ.

ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಆ ಗುಂಪಿನಲ್ಲಿ ಯಾರೂ ಆಮೆಯನ್ನು ಕೊಲ್ಲಲಿಲ್ಲ. ನಾವೂ ಕೊಲ್ಲಲಿಲ್ಲ. ನಮ್ಮ ಮನೆಗಳಲ್ಲಿ ಆಮೆಯ ಮಾಂಸ ತಿನ್ನುವ ರೂಢಿಯೇ ಇಲ್ಲ. ಆದರೂ ಚಿಕ್ಕಂದಿನಲ್ಲಿ ಪ್ರತಿ ಮಳೆಗಾಲದಲ್ಲೂ ಕಾಣುತ್ತಿದ್ದ ಆಮೆಯನ್ನು ಇಂದು ಗಾಡಿ ನಿಲ್ಲಿಸಿ ನೋಡುವಂತಾಗಿದೆ. ಹಾಗಾದರೆ ಅವುಗಳಿಗೆ ಏನಾಯಿತು? ಯಾರೂ ಕೊಲ್ಲದಿದ್ದರೆ ಅವು ಸತ್ತದ್ದು ಹೇಗೆ?

ನೈಲ್ ನದಿಯ ನೆಂಟ

ನಮ್ಮ ಗದ್ದೆಯ ಈ ಆಮೆಗೆ ವಿಜ್ಞಾನಿಗಳು ಇಟ್ಟ ಹೆಸರು ಲಿಸೆಮಿಸ್ ಪಂಕ್ಟಾಟಾ. ಇದರ ಹೊಟ್ಟೆಯ ಕಡೆಯ ಚಿಪ್ಪಿನ ಹಿಂಬದಿಯಲ್ಲಿ ಚರ್ಮದ ಎರಡು ಮುಚ್ಚಳಗಳಿವೆ. ಅಪಾಯ ಕಂಡಾಗ ಹಿಂಗಾಲುಗಳನ್ನು ಒಳಗೆಳೆದು ಆ ಮುಚ್ಚಳಗಳನ್ನು ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೆರೆ, ಗದ್ದೆ ಬತ್ತಿದಾಗ ಮಣ್ಣಿನೊಳಗೆ ಹುದುಗಿ ತಿಂಗಳುಗಟ್ಟಲೆ ಅಲ್ಲಾಡದೆ ಇರುತ್ತದೆ. ಮಳೆಯ ನೀರು ಇಳಿದಾಗ ಎದ್ದು ಹೊರಡುತ್ತದೆ. ಗದ್ದೆಗೆ ಮಣ್ಣು ತುಂಬಿಸುವ ಕೆಲಸ ನಡೆಯುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಆಗ ಆಮೆ ಎಲ್ಲಿರುತ್ತದೆ ಎಂದು ಓದುಗರೇ ಊಹಿಸಬಹುದು.

ಇಂಥ ಮುಚ್ಚಳವಿರುವ ಆಮೆಗಳ ಕುಟುಂಬ ಜಗತ್ತಿನಲ್ಲಿ ಎರಡೇ ಕಡೆ ಇದೆ. ಒಂದು ನಮ್ಮ ದಕ್ಷಿಣ ಏಷ್ಯಾ ಮತ್ತು ಅದರ ನೆರೆಹೊರೆಯಲ್ಲಿ, ಇನ್ನೊಂದು ಆಫ್ರಿಕಾದಲ್ಲಿ. ಆಫ್ರಿಕಾದ ನೆಂಟರಲ್ಲಿ ಅತ್ಯಂತ ವಿರಳವಾದುದು ನೂಬಿಯನ್ ಆಮೆ. 1869ರಲ್ಲಿ ಬ್ರಿಟಿಷ್ ಪ್ರಾಣಿವಿಜ್ಞಾನಿ ಜಾನ್ ಎಡ್ವರ್ಡ್ ಗ್ರೇ ಅದನ್ನು ಮೊದಲು ವರ್ಣಿಸಿದರು. ಪಶ್ಚಿಮ ಆಫ್ರಿಕಾದಿಂದ ನೈಲ್ ನದಿಯವರೆಗೆ ಅಲ್ಲಲ್ಲಿ ಇದ್ದ ಈ ಆಮೆ ನಂತರ ದಶಕಗಳ ಕಾಲ ವಿದ್ವಾಂಸರ ಕಣ್ಣಿಗೆ ಬೀಳಲಿಲ್ಲ. ಅಳಿದೇ ಹೋಯಿತೇನೋ ಎಂಬ ಶಂಕೆ ಇತ್ತು. 2010ರ ದಶಕದ ಕೊನೆಯ ವರ್ಷಗಳಲ್ಲಿ ದಕ್ಷಿಣ ಸುಡಾನಿನಲ್ಲಿ ಬಿಳಿ ನೈಲ್ ಹರಿಯುವ ಕಡೆ ಅದು ಮತ್ತೆ ಪತ್ತೆಯಾಯಿತು. ವಿಜ್ಞಾನದ ವಲಯದಲ್ಲಿ ಅದು ಸಂತಸದ ಸುದ್ದಿಯಾಯಿತು.

ಆದರೆ ಅದು ಯಾರಿಗೆ ಕಳೆದುಹೋಗಿತ್ತು? ಅಲ್ಲಿಯ ಮೀನುಗಾರರಿಗೆ ಆ ಆಮೆಯ ಪರಿಚಯ ಇದ್ದೇ ಇತ್ತು. 2011ರಲ್ಲಿ ಸ್ವತಂತ್ರವಾಗಿ, 2013ರಿಂದ ಅಂತರ್ಯುದ್ಧದಲ್ಲಿ ಬೆಂದ ಆ ದೇಶದಲ್ಲಿ ಸಂಶೋಧಕರು ವಿಚಾರಿಸಿದ್ದು ಆ ಬಡ ಮೀನುಗಾರರನ್ನೇ. ಜಗತ್ತು ಯಾವುದನ್ನು ಕಳೆದುಕೊಂಡೆನೆಂದು ಭಾವಿಸಿತ್ತೋ ಅದು ಅವರ ಬಲೆಯಲ್ಲಿತ್ತು, ಕೆಲವೊಮ್ಮೆ ಅವರ ಅಡುಗೆಯಲ್ಲೂ ಇತ್ತು. ಇದೊಂದು ಕಹಿ ಸತ್ಯ. ಒಂದು ಜೀವಿಯನ್ನು ಚೆನ್ನಾಗಿ ಬಲ್ಲವರು ಮತ್ತು ಅದನ್ನು ಹಿಡಿಯುವವರು ಬಹಳಷ್ಟು ಸಲ ಒಬ್ಬರೇ ಆಗಿರುತ್ತಾರೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ವಿರಳವಾದುದಕ್ಕೆ ಮಾತ್ರ ಬೆಲೆಯೇ?

ನೈಲ್‌ನ ಆಮೆ ಸಿಕ್ಕಿತೆಂದು ಜಗತ್ತು ಹಿಗ್ಗುತ್ತದೆ. ಕಾಪುವಿನ ಹೆದ್ದಾರಿಯಲ್ಲಿ ಅದರ ನೆಂಟ ಚಕ್ರಕ್ಕೆ ಸಿಕ್ಕರೆ ನಾವು ಗಾಡಿಯ ವೇಗವನ್ನೂ ತಗ್ಗಿಸುವುದಿಲ್ಲ. ಕಾರಣ ಸರಳ. ಅದು ವಿರಳ, ಇದು ಸಾಮಾನ್ಯ.

ಹಾಗೆ ನೋಡಿದರೆ ಇದು ಪೇಟೆಯ ತಕ್ಕಡಿ. ಕಡಿಮೆ ಸಿಗುವುದಕ್ಕೆ ಹೆಚ್ಚು ಬೆಲೆ ಎಂಬುದು ಚಿನ್ನದ ಅಂಗಡಿಯಲ್ಲಿ ಸರಿ. ಜೀವದ ವಿಷಯಕ್ಕೆ ಅದೇ ತಕ್ಕಡಿಯನ್ನು ತಂದರೆ ಏನಾಗುತ್ತದೆ? ಹತ್ತು ಮಕ್ಕಳಿರುವ ಮನೆಯಲ್ಲಿ ಒಂದು ಮಗುವಿನ ಬೆಲೆ ಹತ್ತನೆಯ ಒಂದು ಪಾಲಾಗುತ್ತದೆಯೇ? ಯಾವ ತಾಯಿಯೂ ಹಾಗೆ ಲೆಕ್ಕ ಹಾಕುವುದಿಲ್ಲ. ವಿರಳತೆ ಎಂಬುದು ಆ ಜೀವಿಯ ಗುಣವೂ ಅಲ್ಲ. ಆಮೆ ತಾನಾಗಿ ವಿರಳವಾಗಲು ಹೊರಟಿರಲಿಲ್ಲ, ಅದಕ್ಕೆ ಆ ಸ್ಥಿತಿ ಬಂದದ್ದು ಹೊರಗಿನಿಂದ. ಮೊದಲು ಅದನ್ನು ಕಡಿಮೆ ಮಾಡಿ, ಆಮೇಲೆ ಕಡಿಮೆಯಾಯಿತೆಂದು ಅದಕ್ಕೆ ಬೆಲೆ ಕಟ್ಟುವುದು ವಿಚಿತ್ರ ನ್ಯಾಯ.

ಸಾಮಾನ್ಯವಾದುದು ಸದಾ ಇರುತ್ತದೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದನ್ನು ರಣಹದ್ದುಗಳು ತೋರಿಸಿವೆ. ಭಾರತದ ಯಾವ ಊರಿನಲ್ಲೂ ಸತ್ತ ದನದ ಸುತ್ತ ಅವು ಸೇರುತ್ತಿದ್ದವು. 1990ರ ದಶಕದಲ್ಲಿ ಅವು ಸಾಯತೊಡಗಿದವು. ಕೆಲವು ಜಾತಿಗಳಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಹಕ್ಕಿಗಳು ಇಲ್ಲವಾದವು. ಕಾರಣ ಗೊತ್ತಾದದ್ದು 2004ರಲ್ಲಿ. ದನಗಳ ನೋವು, ಜ್ವರಕ್ಕೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧ ಸತ್ತ ದನದ ದೇಹದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತು. 2006ರಲ್ಲಿ ಭಾರತ ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು ನಿಷೇಧಿಸಿತು. 2012ರಲ್ಲಿ ನಮ್ಮ ರಾಜ್ಯದ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಒಂದು ಕಾಲದಲ್ಲಿ ಎಲ್ಲೆಡೆ ಇದ್ದ ಹಕ್ಕಿಗೆ ಬೆಟ್ಟವೊಂದನ್ನು ಮೀಸಲಿಡಬೇಕಾಯಿತು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಹದ್ದನ್ನು ಕೊಲ್ಲಬೇಕೆಂದು ಯಾರೂ ಬಯಸಿರಲಿಲ್ಲ. ರೈತ ತನ್ನ ದನದ ನೋವು ನೋಡಲಾರದೆ ಔಷಧ ಕೊಡಿಸಿದ. ಅವನ ಮನಸ್ಸಿನಲ್ಲಿ ಇದ್ದದ್ದು ದಯೆ. ಆದರೂ ಕೋಟಿಗಟ್ಟಲೆ ಹಕ್ಕಿಗಳು ಸತ್ತವು. ನಮ್ಮ ಕಾಲದ ನೈತಿಕ ಸಮಸ್ಯೆ ಇರುವುದು ಇಲ್ಲಿಯೇ. ಹಿಂದಿನ ಕಾಲದಲ್ಲಿ ಕೊಲೆಗೆ ಒಂದು ಕೈ ಇತ್ತು, ಆ ಕೈಯನ್ನು ತಡೆದರೆ ಕೊಲೆ ನಿಲ್ಲುತ್ತಿತ್ತು. ಇಂದು ಸಾವು ನಮ್ಮ ಕೈ ತಾಗದೆ, ನಮ್ಮ ಅರಿವಿಗೆ ಬಾರದೆ, ಕೆಲವೊಮ್ಮೆ ನಮ್ಮ ಒಳ್ಳೆಯತನದ ಮೂಲಕವೇ ನಡೆದುಹೋಗುತ್ತದೆ.

ತಿನ್ನದವರ ನೆಮ್ಮದಿ

ಕರಾವಳಿಯ ಮುಸ್ಲಿಮರಲ್ಲಿ ಹೆಚ್ಚಿನವರು ಶಾಫಿಈ ಸರಣಿಯವರು. ಆ ಸರಣಿಯಲ್ಲಿ ಪ್ರಬಲವಾದ ಅಭಿಪ್ರಾಯದಂತೆ ಆಮೆ ತಿನ್ನುವಂತಿಲ್ಲ. ಹನಫಿ ಸರಣಿಯಲ್ಲಿ ಮೀನನ್ನು ಬಿಟ್ಟು ಇತರ ಜಲಚರಗಳು ಆಹಾರವಲ್ಲ. ನೆರೆಯ ಹಿಂದೂ ಮನೆಗಳಲ್ಲಿ ಆಮೆ ಎಂದರೆ ಕೂರ್ಮಾವತಾರದ ನೆನಪು. ಜೈನರ ಕಾರ್ಕಳದಲ್ಲಿ ಯಾವ ಪ್ರಾಣಿಯ ಹಿಂಸೆಯೂ ಪಾಪ. ಅಂದರೆ ನಮ್ಮ ಈ ಊರುಗಳಲ್ಲಿ ಬಹುಸಂಖ್ಯಾತರಿಗೆ, ಒಂದಲ್ಲ ಒಂದು ಕಾರಣದಿಂದ, ಆಮೆ ಮುಟ್ಟಬಾರದ ಜೀವಿ. ಇಷ್ಟೊಂದು ಜನರ ಶ್ರದ್ಧೆ ಕಾವಲಿರುವಾಗ ಆಮೆ ನಿಶ್ಚಿಂತೆಯಿಂದ ಇರಬೇಕಿತ್ತು. ಹಾಗಾಗಿಲ್ಲ.

ಯಾಕೆಂದರೆ ನಾವು ನಿಷೇಧವನ್ನು ತಟ್ಟೆಯವರೆಗೆ ಮಾತ್ರ ಪಾಲಿಸಿದ್ದೇವೆ. ತಟ್ಟೆಯಲ್ಲಿ ಆಮೆ ಇಲ್ಲ ಎಂಬುದು ನಮಗೆ ನೆಮ್ಮದಿ ಕೊಟ್ಟಿದೆ. ಅದನ್ನು ತಿನ್ನುವ ಕೆಲವರನ್ನು ಕಂಡು ಮೂಗು ಮುರಿಯುವ ಹಕ್ಕೂ ನಮಗೆ ಬಂದಂತಾಗಿದೆ. ಆದರೆ ಆಮೆಯ ಬದುಕು ನಿಂತಿರುವುದು ನೀರು, ಮರಳು ಮತ್ತು ಕೆಸರಿನ ಮೇಲೆ. ಅವು ಮೂರನ್ನೂ ನಾವು ಯಾವ ಅಳುಕೂ ಇಲ್ಲದೆ ತೆಗೆದುಕೊಂಡಿದ್ದೇವೆ.

ಊರುಗಳ ಹೆಸರೇ ಇದಕ್ಕೆ ಸಾಕ್ಷಿ. ಮಣಿಪಾಲ ಎಂಬ ಹೆಸರು ಬಂದದ್ದು ಮಣ್ಣುಪಳ್ಳ ಎಂಬುದರಿಂದ. ತುಳುವಿನಲ್ಲಿ ಪಳ್ಳ ಎಂದರೆ ಕೆರೆ. 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗುವವರೆಗೆ ಅದು ಬೋಳು ಗುಡ್ಡ. ಇಂದು ಅದು ಜಗತ್ತಿಗೆ ಗೊತ್ತಿರುವ ಊರು, ಗೋಪುರದಂಥ ವಸತಿ ಸಮುಚ್ಚಯಗಳ ಊರು. ಅದರ ವಿದ್ಯೆ ಮತ್ತು ಚಿಕಿತ್ಸೆಯ ಉಪಕಾರವನ್ನು ನಮ್ಮಲ್ಲಿ ಎಷ್ಟೋ ಮನೆಗಳು ಪಡೆದಿವೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಕಾರ್ಕಳದಲ್ಲಿ 1432ರಲ್ಲಿ ನಿಂತ ಗೊಮ್ಮಟನ ಬಳಿ ಆನೆಕೆರೆ ಇದೆ, ಕೆರೆಯ ನಡುವೆ ಬಸದಿ ಇದೆ. ಹಿಂದಿನವರು ಕಟ್ಟುವಾಗ ನೀರನ್ನು ಉಳಿಸಿಕೊಂಡು ಅದರ ಸುತ್ತ ಕಟ್ಟಿದರು. ನಾವು ನೀರಿನ ಜಾಗವನ್ನು ಮುಚ್ಚಿ ಅದರ ಮೇಲೆ ಕಟ್ಟುತ್ತಿದ್ದೇವೆ. ಎರಡಕ್ಕೂ ನಿರ್ಮಾಣ ಎಂದೇ ಹೆಸರು.

ಗೋಡೆಯೊಳಗಿನ ಗೂಡು

ಮರಳಿನ ವಿಷಯ ಇದಕ್ಕಿಂತ ಗಂಭೀರ. ಅದನ್ನು ಅರಿಯಲು ಕಾಸರಗೋಡಿಗೆ ಹೋಗಬೇಕು.

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಎನಿಸಿ, ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಕಡಲು ಸೇರುವ ಹೊಳೆ ನಮಗೆ ಹೊಸದಲ್ಲ. ಆ ಹೊಳೆಯಲ್ಲಿ ಕ್ಯಾಂಟರ್‌ನ ದೈತ್ಯ ಆಮೆ ಇದೆ. ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಡೆನ್ಮಾರ್ಕ್ ಮೂಲದ ಥಿಯೋಡರ್ ಕ್ಯಾಂಟರ್ ಎಂಬ ವಿಜ್ಞಾನಿಯ ಹೆಸರು ಅದಕ್ಕೆ ಇದೆ. ಇದೂ ಮೆದುಚಿಪ್ಪಿನದೇ. ಬೆಳೆದರೆ ಒಂದು ಮೀಟರಿಗೂ ಉದ್ದ, ನೂರು ಕಿಲೋ ತೂಗಬಲ್ಲುದು. ಇಷ್ಟು ದೊಡ್ಡ ಪ್ರಾಣಿ ಜನರ ಕಣ್ಣಿಗೆ ಬೀಳದಿರಲು ಕಾರಣ, ಅದು ತನ್ನ ಬದುಕಿನ ಬಹುಪಾಲನ್ನು ನದಿಯ ತಳದ ಮರಳಿನಲ್ಲಿ ಹುದುಗಿ, ಕಣ್ಣು ಮತ್ತು ಮೂಗು ಮಾತ್ರ ಹೊರಗಿಟ್ಟು, ಅಲ್ಲಾಡದೆ ಕಳೆಯುತ್ತದೆ. ಮೊಟ್ಟೆ ಇಡುವುದೂ ಹೊಳೆಯ ದಡದ ಮರಳಿನಲ್ಲಿಯೇ. ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ನೂಬಿಯನ್ ಆಮೆಯಂತೆ ಇದೂ ಅಳಿವಿನ ಅಂಚಿನಲ್ಲಿದೆ.

ಈ ಆಮೆಯನ್ನು ಹುಡುಕಿಕೊಂಡು ಹೋದ ಸಂಶೋಧಕಿ ಆಯುಷಿ ಜೈನ್ ಮತ್ತು ಸಂಗಡಿಗರು ನೆಚ್ಚಿದ್ದು ಹೊಳೆಬದಿಯ ಜನರನ್ನು. ಆಮೆ ಎಲ್ಲಿ ಕಂಡಿತು, ಯಾವಾಗ ಕಂಡಿತು, ಯಾರ ಬಲೆಯಲ್ಲಿ ಸಿಕ್ಕಿತು ಎಂದು ಅವರಿಂದಲೇ ಕೇಳಿ ತಿಳಿದರು. ಆ ಜನರ ನೆರವಿನಿಂದ ಈ ಆಮೆಯ ಗೂಡುಗಳು ಪತ್ತೆಯಾದವು. ನೀರು ಏರಿ ಮುಳುಗಿದ ಗೂಡುಗಳಿಂದ ಮೊಟ್ಟೆಗಳನ್ನು ಉಳಿಸಿ, ಹುಟ್ಟಿದ ಮರಿಗಳನ್ನು ಹೊಳೆಗೆ ಬಿಡಲಾಯಿತು. ಈ ಕೆಲಸದ ವರದಿ 2024ರಲ್ಲಿ ಓರಿಕ್ಸ್ ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನೈಲ್ ತೀರದ ಕತೆಯೇ ಚಂದ್ರಗಿರಿಯ ತೀರದಲ್ಲಿ ಇನ್ನಷ್ಟು ಒಳ್ಳೆಯ ರೀತಿಯಲ್ಲಿ ನಡೆದಂತಾಯಿತು. ಬಲ್ಲವರು ಅಲ್ಲಿ ಕಾಯುವವರೂ ಆದರು.

ಈಗ ನಮ್ಮ ಉಡುಪಿಗೆ ಬರೋಣ. ಸ್ವರ್ಣಾ, ಸೀತಾ, ಉದ್ಯಾವರ, ಶಾಂಭವಿ ಹೊಳೆಗಳ ಮರಳಿಗಾಗಿ ಈ ಜಿಲ್ಲೆಯಲ್ಲಿ ಎಷ್ಟು ಜಗಳ ನಡೆದಿದೆ ಎಂಬುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. 2017ರ ಏಪ್ರಿಲಿನಲ್ಲಿ ಕುಂದಾಪುರ ಬಳಿಯ ಕಂಡ್ಲೂರಿನಲ್ಲಿ ಅಕ್ರಮ ಮರಳುಗಾರಿಕೆಯನ್ನು ಪರಿಶೀಲಿಸಲು ಹೋದ ಜಿಲ್ಲಾಧಿಕಾರಿಯ ತಂಡದ ಮೇಲೆಯೇ ದಾಳಿ ನಡೆದಿತ್ತು. ಇನ್ನೊಂದು ಕಡೆ, ಮರಳು ತೆಗೆಯುವುದನ್ನು ನಿಲ್ಲಿಸಿದಾಗ ಗಾರೆ ಕೆಲಸದವರು, ಲಾರಿ ಚಾಲಕರು, ಅರ್ಧ ಕಟ್ಟಿದ ಮನೆಯ ಮುಂದೆ ಕುಳಿತ ಸಾಮಾನ್ಯರು ಕಂಗೆಟ್ಟದ್ದೂ ನಿಜ.

ಈ ಜಗಳದಲ್ಲಿ ಒಂದು ಕಕ್ಷಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಹೊಳೆಯ ಮರಳು ಕೆಲವು ಜೀವಿಗಳಿಗೆ ಮನೆ ಮತ್ತು ಬಾಣಂತಿ ಕೋಣೆ. ಅದನ್ನು ಬುಟ್ಟಿಯಲ್ಲೋ ಯಂತ್ರದಲ್ಲೋ ಮೇಲೆತ್ತಿ, ಲಾರಿಯಲ್ಲಿ ತುಂಬಿ, ಸಿಮೆಂಟಿನೊಡನೆ ಕಲಸಿ ನಾವು ನಮ್ಮ ಗೋಡೆಯನ್ನು ಎಬ್ಬಿಸುತ್ತೇವೆ. ನಮ್ಮ ಮನೆಯ ಗೋಡೆಯೊಳಗೆ ಯಾವುದೋ ಜೀವಿಯ ಗೂಡು ಇದೆ ಎಂದರೆ ಅದು ಅಲಂಕಾರದ ಮಾತಲ್ಲ. ಆ ಮನೆಯೊಳಗೆ ಕುಳಿತು ನಾವು ಆಮೆ ತಿನ್ನುವುದಿಲ್ಲ ಎಂದು ಹೇಳುತ್ತಿದ್ದೇವೆ.

ಇದನ್ನು ಬರೆಯುವ ನಾವು ಕೂಡ ಹೊರಗಿನವರಲ್ಲ. ನಮ್ಮ ಮನೆಯೂ ಹೊಳೆಯ ಮರಳಿನದೇ. ಮನೆ ಕಟ್ಟುವಾಗ ಮರಳಿನ ದರ ಕೇಳಿದ್ದೇವೆ, ಗುಣಮಟ್ಟ ಕೇಳಿದ್ದೇವೆ, ಉಪ್ಪಿನ ಅಂಶ ಇದೆಯೇ ಎಂದು ನಾಲಗೆಗೆ ಹಚ್ಚಿ ನೋಡಿದ್ದೇವೆ. ಯಾವ ಹೊಳೆಯದು, ಯಾವ ತಿಂಗಳಲ್ಲಿ ತೆಗೆದದ್ದು ಎಂದು ಕೇಳಿದ ನೆನಪಿಲ್ಲ.

ಮನುಷ್ಯನಿಗಿಂತ ಆಮೆ ಹೆಚ್ಚೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದು ಹಗುರವಾದ ಆಕ್ಷೇಪವಲ್ಲ. ತಲೆಯ ಮೇಲೆ ಸೂರಿಲ್ಲದವರು ಇರುವಾಗ ಆಮೆಯ ಗೂಡಿನ ಚಿಂತೆ ಮಾಡುವುದು ಹೊಟ್ಟೆ ತುಂಬಿದವರ ಮಾತಲ್ಲವೇ? ದಿನಗೂಲಿಯವನ ಅನ್ನಕ್ಕಿಂತ ಆಮೆಯ ಮೊಟ್ಟೆ ಹೆಚ್ಚೇ?

ಖಂಡಿತ ಅಲ್ಲ. ಒಂದು ಕುಟುಂಬದ ಸೂರು ಮತ್ತು ಒಂದು ಆಮೆಯ ಗೂಡು, ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ನಾವು ಸೂರನ್ನೇ ಆರಿಸುತ್ತೇವೆ. ಹಾಗೆ ಆರಿಸುವುದು ತಪ್ಪು ಎಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ನಿಜವಾಗಿ ನಮ್ಮ ಮುಂದಿರುವ ಆಯ್ಕೆ ಅದೇನಾ? ಹೊಳೆಯ ಮರಳಿನಲ್ಲಿ ಎಷ್ಟು ಪಾಲು ಬಡವನ ಸೂರಿಗೆ ಹೋಗಿದೆ, ಎಷ್ಟು ಪಾಲು ವರ್ಷಕ್ಕೆ ಹದಿನೈದು ದಿನ ತೆರೆಯುವ ಬಂಗಲೆಗಳಿಗೆ, ಬೀಗ ಹಾಕಿಟ್ಟ ಫ್ಲ್ಯಾಟುಗಳಿಗೆ, ಆಳೆತ್ತರದ ಆವರಣ ಗೋಡೆಗಳಿಗೆ ಹೋಗಿದೆ ಎಂದು ನಮ್ಮ ಊರಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ಕೊಲ್ಲಿ ದೇಶಗಳಲ್ಲಿ ದುಡಿದು, ಊರಿನಲ್ಲಿ ದೊಡ್ಡ ಮನೆ ಕಟ್ಟಿ, ಅದರಲ್ಲಿ ವಯಸ್ಸಾದ ತಂದೆ-ತಾಯಿಯನ್ನು ಮಾತ್ರ ಬಿಟ್ಟು ಹೋದ ಕುಟುಂಬಗಳು ಎಲ್ಲ ಸಮುದಾಯಗಳಲ್ಲೂ ಇವೆ, ನಮ್ಮಲ್ಲಿ ಸ್ವಲ್ಪ ಹೆಚ್ಚೇ ಇವೆ. ಅಗತ್ಯದ ಹೆಸರು ಹೇಳಿ ದುಂದನ್ನು ಸಮರ್ಥಿಸುವುದು ಬಡವನಿಗೆ ಮಾಡುವ ಉಪಕಾರವೇನೂ ಅಲ್ಲ. ಬಡವನನ್ನು ಇಲ್ಲಿ ಗುರಾಣಿಯಂತೆ ಮುಂದಿಡಲಾಗಿದೆ, ಅಷ್ಟೇ.

ಕಾನೂನಿನ ವಿಷಯದಲ್ಲೂ ಇದೇ ಅಸಮತೆ ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಪರಿಶಿಷ್ಟದಲ್ಲಿ ನಮ್ಮ ಗದ್ದೆಯ ಆಮೆಯೂ ಇದೆ. ಅದನ್ನು ಹಿಡಿದರೆ, ಕೊಂದರೆ ಮೂರರಿಂದ ಏಳು ವರ್ಷಗಳವರೆಗೆ ಜೈಲು. 2022ರ ತಿದ್ದುಪಡಿಯ ನಂತರ ದಂಡವೂ ಕನಿಷ್ಠ 25,000 ರೂಪಾಯಿ. ಕಾನೂನು ಇರಬೇಕು. ಈ ಆಮೆ ದೇಶದಲ್ಲಿ ಅತಿ ಹೆಚ್ಚು ಕಳ್ಳಸಾಗಣೆಯಾಗುವ ಆಮೆಗಳಲ್ಲಿ ಒಂದು, ಗೋಣಿಚೀಲಗಳಲ್ಲಿ ತುಂಬಿ ಸಾಗಿಸುವ ಜಾಲಗಳಿವೆ. ಆದರೆ ತೋಡಿನಲ್ಲಿ ಸಿಕ್ಕ ಒಂದು ಆಮೆಯನ್ನು ಮನೆಗೆ ಕೊಂಡೊಯ್ದ ಕೂಲಿಯವನು ಅಪರಾಧಿಯಾಗುತ್ತಾನೆ. ಅದೇ ತೋಡನ್ನು, ಅದರ ಬದಿಯ ಗದ್ದೆಯನ್ನು, ಒಳಗಿದ್ದ ಆಮೆಗಳ ಸಮೇತ ಮಣ್ಣು ಹಾಕಿ ಮುಚ್ಚಿದವನ ಕೈಯಲ್ಲಿ ಮಾತ್ರ ಭೂಪರಿವರ್ತನೆಯ ಆದೇಶ ಇರುತ್ತದೆ. ಒಂದನ್ನು ಕೊಂದವನು ನಮ್ಮ ಕಣ್ಣಿಗೆ ಬೀಳುತ್ತಾನೆ. ಎಲ್ಲವನ್ನೂ ಇಲ್ಲವಾಗಿಸಿದವನನ್ನು ನಾವು ಅಭಿವೃದ್ಧಿಯ ಹರಿಕಾರನೆಂದು ಶಾಲು ಹೊದೆಸಿ ಸನ್ಮಾನಿಸುತ್ತೇವೆ.

ಅದರ ಪ್ರಯೋಜನವೇನು?

ಆಮೆಯಿಂದ ನಮಗೇನು ಲಾಭ ಎಂದು ಕೇಳುವವರಿಗೆ ಉತ್ತರ ಇದೆ. ಗದ್ದೆಯ ಆಮೆ ಬಸವನಹುಳು, ಕಪ್ಪೆ, ಮೀನು, ನೀರಿನ ಗಿಡಗಳ ಜೊತೆ ಸತ್ತ ಪ್ರಾಣಿಗಳನ್ನೂ ತಿಂದು ನೀರನ್ನು ಶುಚಿಯಾಗಿಡುತ್ತದೆ. ನೆಲದ ಮೇಲೆ ರಣಹದ್ದು ಮಾಡುತ್ತಿದ್ದ ಕೆಲಸವನ್ನು ನೀರಿನಲ್ಲಿ ಇದು ಮಾಡುತ್ತದೆ. ಆಮೆಗೆ ಬೇಕಾದ ಹೊಳೆಯ ಮರಳು ನಮಗೂ ಬೇಕು. ಮರಳು ನೀರನ್ನು ಹಿಡಿದಿಟ್ಟು ಆಸುಪಾಸಿನ ಬಾವಿಗಳಿಗೆ ಒಸರು ಕೊಡುತ್ತದೆ. 2019ರ ಬೇಸಿಗೆಯಲ್ಲಿ ಉಡುಪಿಗೆ ಕುಡಿಯುವ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ಬತ್ತಿ, ಹೊಳೆಯ ಹೊಂಡಗಳಲ್ಲಿ ಉಳಿದ ನೀರನ್ನು ಪಂಪಿನಿಂದ ಎತ್ತಬೇಕಾಗಿ ಬಂದದ್ದನ್ನು ಊರಿನವರು ಮರೆತಿಲ್ಲ.

ಆದರೆ ಈ ಉತ್ತರದಲ್ಲಿ ಒಂದು ಅಪಾಯವಿದೆ. ಲಾಭದ ಆಧಾರದಲ್ಲಿ ಒಂದು ಜೀವಿಗೆ ಬದುಕುವ ಹಕ್ಕು ಕೊಟ್ಟರೆ, ನಾಳೆ ಆ ಕೆಲಸ ಮಾಡುವ ಯಂತ್ರ ಬಂದಾಗ ಹಕ್ಕು ಹೋಗುತ್ತದೆ. ಲಾಭವಿಲ್ಲದ ಮುದುಕರನ್ನು, ಅಂಗವಿಕಲರನ್ನು, ದುಡಿಯಲಾಗದವರನ್ನು ಸಮಾಜ ಯಾವ ಕಣ್ಣಿನಿಂದ ನೋಡುತ್ತದೆ ಎಂಬುದೂ ಇದೇ ಪ್ರಶ್ನೆಗೆ ಹೊಂದಿಕೊಂಡಿದೆ. ಪ್ರಯೋಜನ ಕೇಳಿ ಬದುಕಲು ಬಿಡುವ ಅಭ್ಯಾಸ ಆಮೆಯಲ್ಲಿ ಆರಂಭವಾದರೂ ಆಮೆಯಲ್ಲಿ ನಿಲ್ಲುವುದಿಲ್ಲ.

ನಮಗೆ ತೋಚುವುದಿಷ್ಟು. ಆಮೆ ನಮ್ಮ ಅಪ್ಪಣೆ ಪಡೆದು ಇಲ್ಲಿಗೆ ಬಂದದ್ದಲ್ಲ. ಈ ಊರುಗಳಿಗೆ ಕಾಪು, ಕಾರ್ಕಳ, ಉಡುಪಿ ಎಂಬ ಹೆಸರು ಬೀಳುವ ಮೊದಲೇ ಇಲ್ಲಿಯ ಕೆಸರಿನಲ್ಲಿ ಅದು ಇತ್ತು. ನಾವು ಆಮೇಲೆ ಬಂದವರು. ಈ ನೆಲ ನಮ್ಮ ಕೈಗೆ ಬಂದಿರುವುದು ಅಮಾನತ್ತಾಗಿ, ಅಂದರೆ ಜೋಪಾನ ಮಾಡಿ ಒಪ್ಪಿಸಬೇಕಾದ ಸೊತ್ತಾಗಿ. ಅಮಾನತ್ತಿನ ಸೊತ್ತನ್ನು ಇಟ್ಟುಕೊಂಡವನು ಅದರಲ್ಲಿರುವ ವಸ್ತುಗಳಲ್ಲಿ ತನಗೆ ಪ್ರಯೋಜನವಿಲ್ಲದ್ದನ್ನು ಎಸೆಯುವಂತಿಲ್ಲ. ಲೆಕ್ಕ ಕೊಡುವ ದಿನ, ಇದು ನನಗೆ ಬೇಡವಾಗಿತ್ತು ಎಂಬುದು ಉತ್ತರವಾಗುವುದಿಲ್ಲ. ಆಸ್ತಿಕರು ಆ ಲೆಕ್ಕವನ್ನು ಸೃಷ್ಟಿಕರ್ತನಿಗೆ ಕೊಡಬೇಕೆಂದು ನಂಬುತ್ತಾರೆ. ಹಾಗೆ ನಂಬದವರು ಕೂಡ ತಮ್ಮ ಮೊಮ್ಮಕ್ಕಳಿಗಾದರೂ ಅದನ್ನು ಕೊಡಬೇಕಾಗುತ್ತದೆ.

ಅಮಾನತ್ತಿನಲ್ಲಿ ಇನ್ನೊಂದು ಶರತ್ತೂ ಇದೆ. ಅದನ್ನು ಪ್ರೀತಿಯ ಹೆಸರಿನಲ್ಲಿ ಸ್ವಂತ ಮಾಡಿಕೊಳ್ಳುವಂತಿಲ್ಲ. ನಮ್ಮ ಊರುಗಳಲ್ಲಿ ಬಾವಿಗೆ ಆಮೆ ಬಿಡುವ ಅಭ್ಯಾಸವನ್ನೇ ನೋಡಿ. ಅದು ಹಿಂಸೆ ಎಂದು ಯಾರಿಗೂ ಅನಿಸುವುದಿಲ್ಲ. ಆದರೆ ಕಲ್ಲು ಕಟ್ಟಿದ ಬಾವಿಯಿಂದ ಆಮೆ ಮೇಲೆ ಹತ್ತಲಾರದು. ಮೊಟ್ಟೆ ಇಡಲು ಅದಕ್ಕೆ ಮಣ್ಣು ಬೇಕು, ಸಂಗಾತಿ ಬೇಕು. ಎರಡೂ ಇಲ್ಲದೆ ಅದು ಆ ಕತ್ತಲಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಈಜುತ್ತದೆ. ನಮ್ಮ ಮನೆಯ ಒಳಿತಿಗಾಗಿ ಒಂದು ಜೀವಕ್ಕೆ ಆಜೀವ ಸೆರೆ. ಹೆದ್ದಾರಿಯಲ್ಲಿ ಅಂದು ಆಮೆಯನ್ನು ಸಾಕಬೇಕೆಂದ ಹುಡುಗ, ಬಾವಿಗೆ ಬಿಡೋಣ ಎಂದ ಹುಡುಗ ಇಬ್ಬರೂ ಒಳ್ಳೆಯವರೇ. ಅದರ ಬೆಲೆಯ ಮಾತೆತ್ತಿದವನಿಗೆ ಹೋಲಿಸಿದರೆ ದಯಾಳುಗಳೇ. ಆದರೆ ಮೂವರೂ ಆಮೆಯನ್ನು ತಮ್ಮದಾಗಿ ನೋಡಿದರು. ಅದಕ್ಕೊಂದು ಹಾದಿ ಇದೆ, ಅದಕ್ಕೆ ಹೋಗಬೇಕಾದ ಕಡೆ ಇದೆ ಎಂದು ನೆನಪಿಸಿದವರು ಹುಲ್ಲಿನ ಹೊರೆ ಹೊತ್ತ ಆ ವೃದ್ಧೆ ಮಾತ್ರ.

ನಮ್ಮಿಂದ ಆಗುವುದು

ಇಷ್ಟೆಲ್ಲ ಹೇಳಿದ ಮೇಲೆ, ಒಬ್ಬ ವ್ಯಕ್ತಿಯಿಂದ ಏನಾದೀತು ಎಂಬ ನಿರಾಸೆ ಸಹಜ. ಕೈಯಿಲ್ಲದ ಕೊಲೆಯನ್ನು ತಡೆಯುವುದು ಕೈಯಿರುವ ಕೊಲೆಯನ್ನು ತಡೆದಷ್ಟು ಸುಲಭವಲ್ಲ. ಆದರೆ ಅದರಲ್ಲಿ ನಮ್ಮ ಪಾಲು ಎಷ್ಟು ಎಂದು ತಿಳಿದುಕೊಳ್ಳುವುದು ಅಸಾಧ್ಯವೇನೂ ಅಲ್ಲ. ಮಳೆಗಾಲದ ಬೆಳಿಗ್ಗೆ ಗದ್ದೆಬದಿಯ ರಸ್ತೆಯಲ್ಲಿ ವೇಗ ತಗ್ಗಿಸಬಹುದು. ಸಿಕ್ಕ ಆಮೆಯನ್ನು ಮನೆಗೋ ಬಾವಿಗೋ ಒಯ್ಯದೆ ಅದು ಹೊರಟಿದ್ದ ದಿಕ್ಕಿನಲ್ಲಿ ಬಿಡಬಹುದು, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬಹುದು. ಊರ ಕೆರೆಯನ್ನು ಅಭಿವೃದ್ಧಿಪಡಿಸುವಾಗ ನಾಲ್ಕೂ ಬದಿ ಕಾಂಕ್ರೀಟು ಗೋಡೆ ಎಬ್ಬಿಸುವ ಬದಲು ಒಂದು ಬದಿಯನ್ನಾದರೂ ಮಣ್ಣಿನ ಇಳಿಜಾರಾಗಿ ಬಿಡಿ ಎಂದು ಪಂಚಾಯತಿಯ ಗ್ರಾಮಸಭೆಯಲ್ಲಿ ಎದ್ದು ಹೇಳಬಹುದು. ಮನೆ ಕಟ್ಟುವವರು ಮರಳು ಎಲ್ಲಿಯದೆಂದು ಕೇಳಬಹುದು, ಕಲ್ಲಿನಿಂದ ಮಾಡಿದ ಮರಳನ್ನು ಬಳಸಬಹುದು. ಅದಕ್ಕೂ ಯಾವುದೋ ಗುಡ್ಡ ಬಲಿಯಾಗುತ್ತದೆ ಎಂಬುದನ್ನು ಮರೆಯದೆ, ಎಲ್ಲಕ್ಕಿಂತ ಮೊದಲು, ಇಷ್ಟು ದೊಡ್ಡ ಮನೆ ನಮಗೆ ಬೇಕೇ ಎಂದು ಕೇಳಿಕೊಳ್ಳಬಹುದು.

ಹೊಳೆಯನ್ನು ಬಲ್ಲವರನ್ನು ಮಾತಿಗೆ ಕರೆಯುವುದೂ ಅಷ್ಟೇ ಮುಖ್ಯ. ಬಲೆ ಬೀಸುವವರು, ದೋಣಿಯಲ್ಲಿ ಮರಳು ಎತ್ತುವವರು, ಬೈಲಿನಲ್ಲಿ ದನ ಮೇಯಿಸುವವರು ಆಮೆಯ ಬಗ್ಗೆ ನಮಗಿಂತ ಹೆಚ್ಚು ಬಲ್ಲರು. ಅವರನ್ನು ಅಪರಾಧಿಗಳಾಗಿ ಮಾತ್ರ ಕಂಡರೆ ಅವರ ಅರಿವು ನಮಗೆ ಸಿಗುವುದಿಲ್ಲ, ಆಮೆಯೂ ಉಳಿಯುವುದಿಲ್ಲ. ಚಂದ್ರಗಿರಿಯ ತೀರದವರು ಇದನ್ನು ತೋರಿಸಿಕೊಟ್ಟಿದ್ದಾರೆ.

ಮೊನ್ನೆ ಅದೇ ದಾರಿಯಲ್ಲಿ ಹೋಗುವಾಗ ಆ ನಿವೇಶನಗಳನ್ನು ನೋಡಿದೆವು. ಒಂದರಲ್ಲಿ ಪಾಯ ಅಗೆಯುತ್ತಿದ್ದರು. ಬದಿಯಲ್ಲಿ ಹೊಳೆಯ ಮರಳಿನ ರಾಶಿ ಇತ್ತು. ಆಮೆ ಬಿಟ್ಟ ತೋಡಿನಲ್ಲಿ ನೀರು ಇನ್ನೂ ಹರಿಯುತ್ತಿತ್ತು. ಸ್ವಲ್ಪ ಹೊತ್ತು ನಿಂತು ನೋಡಿದೆವು. ಏನೂ ಕಾಣಲಿಲ್ಲ. ಆ ತೋಡಾದರೂ ಉಳಿಯುವಂತೆ ನೋಡಿಕೊಳ್ಳಬೇಕಾದವರು ಯಾರು ಎಂದು ವಿಚಾರಿಸಲು ಮುಂದಿನ ವಾರ ಪಂಚಾಯತಿಗೆ ಹೋಗುವವರಿದ್ದೇವೆ.